ಒಂದು ಮರವೂ ನಾಲ್ಕು ವರ್ಷದ ಸೆರೆಯೂ

ಇಂಗ್ಲೆಂಡಿನ ಉತ್ತರಭಾಗದಲ್ಲಿ ಒಂದು ಮರವನ್ನು ಕಡಿದುರುಳಿಸಿದ ಅಪರಾಧಕ್ಕಾಗಿ ಇಬ್ಬರಿಗೆ ತಲಾ 4 ವರ್ಷ 3 ತಿಂಗಳ ಸೆರೆವಾಸ ವಿಧಿಸಲ್ಪಟ್ಟ ಸುದ್ದಿಯನ್ನು 2025ರ ಜುಲೈ ತಿಂಗಳಲ್ಲಿ ವಾಚಕರು ಓದಿರಬಹುದು. ಆ ದಿನ ನಮ್ಮ ಕಚೇರಿಯ ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಗಲ್ಲಾದಲ್ಲಿ ಕುಳಿತಿದ್ದ ಮಿತ್ರರು, “ಎಂಥದು ಮಾರಾಯ್ರೆ ಇದು, ಮನುಷ್ಯರನ್ನು ಕೊಂದವರು ಜಾಮೀನಿನ ಮೇಲೆ ತಿರುಗುತ್ತಿರುವಾಗ ಒಂದು ಮರಕ್ಕೆ ನಾಲ್ಕು ವರ್ಷವೇ?” ಎಂದು ಕೇಳಿದರು. ಸಪ್ಲೈ ಮಾಡುತ್ತಿದ್ದ ಹುಡುಗರೂ ನಕ್ಕರು. ಗಿರಾಕಿಗಳ ಗದ್ದಲದ ನಡುವೆ ಅವರಿಗೆ ತಕ್ಕ ಉತ್ತರವನ್ನು ಕೊಡಲು ನಮ್ಮಿಂದ ಆಗಲಿಲ್ಲ. ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲವಾದುದರಿಂದ ಇಂದು ಈ ಅಂಕಣದಲ್ಲಿ ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಆ ಮರದ ವಿಚಾರ. ರೋಮನ್ ಚಕ್ರವರ್ತಿಯಾದ ಹೇಡ್ರಿಯನನು ಕ್ರಿ.ಶ. 122ರಲ್ಲಿ ತನ್ನ ರಾಜ್ಯದ ಉತ್ತರದ ಗಡಿಯಲ್ಲಿ ಕಟ್ಟಿಸಲಾರಂಭಿಸಿದ ಸುಮಾರು 73 ಮೈಲಿ ಉದ್ದದ ಕಲ್ಲಿನ ಗೋಡೆಯೊಂದು ಅಲ್ಲಿದೆ. ನಾರ್ತಂಬರ್‌ಲೆಂಡ್ ಪ್ರಾಂತದಲ್ಲಿ ಆ ಗೋಡೆ ಗುಡ್ಡದಿಂದ ಇಳಿದು ಮತ್ತೊಂದು ಗುಡ್ಡವನ್ನೇರುವ ಕಡೆ ಒಂದು ತಗ್ಗು. ಆ ತಗ್ಗಿನ ನಡುವೆ, ಬೇರೆ ಮರದ ನೆರಳೂ ಇಲ್ಲದ ಬಯಲಿನಲ್ಲಿ, ಒಂಟಿಯಾಗಿ ನಿಂತಿದ್ದುದು ಈ ಸಿಕಮೋರ್ ಮರ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಭೂಮಿಯ ಒಡೆಯರು ಅದನ್ನು ನೆಡಿಸಿದರೆಂದು ಹೇಳುವರು. ಜಾತಿಯಲ್ಲಿ ಅಪೂರ್ವವಾದುದಲ್ಲ, ಆ ದೇಶದಲ್ಲಿ ಹಾದಿಬೀದಿಯಲ್ಲಿ ಕಾಣುವ ಮರವೇ. ಎತ್ತರವೂ ಸುಮಾರು 49 ಅಡಿ ಮಾತ್ರ. ನಮ್ಮೂರ ಅರಳಿ, ಆಲಗಳ ಮುಂದೆ ಅದು ಮಗುವಿನಂತೆ ಕಂಡೀತು. ಆದರೆ ನಿಂತ ಜಾಗದಿಂದಲೇ ಅದಕ್ಕೆ ಹೆಸರು ಬಂದಿತು. 1991ರಲ್ಲಿ ಬಂದ ರಾಬಿನ್ ಹುಡ್ ಚಲಚ್ಚಿತ್ರದಲ್ಲಿ ಅದು ಕಾಣಿಸಿಕೊಂಡಿತು. 2016ರಲ್ಲಿ ಇಂಗ್ಲೆಂಡಿನ ವರ್ಷದ ಮರವೆಂದು ಜನರೇ ಆರಿಸಿದರು. ಅದರ ಬುಡದಲ್ಲಿ ಮದುವೆಯ ಮಾತು ಮುಗಿಸಿದವರಿದ್ದರು. ತಮ್ಮ ಹಿರಿಯರ ಚಿತಾಭಸ್ಮವನ್ನು ಅಲ್ಲಿ ಚೆಲ್ಲಿ ಹೋದವರೂ ಇದ್ದರು.

2023ರ ಸೆಪ್ಟೆಂಬರ್ 27ರ ರಾತ್ರಿ ಬಿರುಗಾಳಿ ಬೀಸುತ್ತಿದ್ದಾಗ ಇಬ್ಬರು ಯಂತ್ರಗರಗಸವನ್ನು ಹೊತ್ತು ಆ ತಗ್ಗಿಗೆ ಹೋದರು. ಮೂರು ನಿಮಿಷವೂ ತುಂಬಲಿಲ್ಲ. ಮರವು ಗೋಡೆಯ ಮೇಲೆ ಬಿದ್ದಿತು. ಕಡಿಯುವುದನ್ನು ತಮ್ಮದೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಕಾಂಡದ ಒಂದು ತುಂಡನ್ನು ಬಹುಮಾನದಂತೆ ಕಾರಿನ ಹಿಂಬದಿಯಲ್ಲಿ ಹಾಕಿಕೊಂಡು ಹೋದರು. ಮರುದಿನ ಲೋಕವೆಲ್ಲ ಅದರ ಮಾತನಾಡುತ್ತಿದ್ದುದನ್ನು ನೋಡಿ ಹಿಗ್ಗಿದರೆಂಬುದಕ್ಕೆ ಅದೇ ಮೊಬೈಲು ಸಾಕ್ಷಿಯಾಯಿತು. ಸೌದೆಯ ಆಸೆಯಿಲ್ಲ, ಭೂಮಿಯ ವ್ಯಾಜ್ಯವಿಲ್ಲ, ಹಗೆಯಿಲ್ಲ. ನ್ಯಾಯಾಲಯವು ಉದ್ದೇಶವನ್ನು ಹುಡುಕಿ ಹುಡುಕಿ ಕೊನೆಗೆ ಬರಿಯ ಮೆರೆದಾಟದ ಹೊರತು ಹೆಚ್ಚೇನನ್ನೂ ಕಾಣಲಿಲ್ಲ. ಕಟಕಟೆಯಲ್ಲಿ ನಿಂತ ಒಬ್ಬನಂತೂ, ಅದು ಒಂದು ಮರವಷ್ಟೇ ಅಲ್ಲವೇ, ಯಾರನ್ನೋ ಕೊಂದಂತೆ ಇಷ್ಟು ಗಲಭೆ ಏಕೆ ಎಂದು ಕೇಳಿದನು.

ನಮ್ಮ ಗಲ್ಲಾದ ಮಿತ್ರರ ಪ್ರಶ್ನೆಯೂ ಆತನ ಪ್ರಶ್ನೆಯೂ ಒಂದೇ ಎಂಬುದನ್ನು ವಾಚಕರು ಗಮನಿಸಿರಬಹುದು. ಆದರೆ ಇಬ್ಬರೂ ಒಂದೇ ಅಲ್ಲ. ಒಬ್ಬನು ತನ್ನ ತಪ್ಪನ್ನು ಮುಚ್ಚಲು ಕೇಳಿದನು. ಇನ್ನೊಬ್ಬರು ನ್ಯಾಯದ ತಕ್ಕಡಿಯನ್ನು ಕುರಿತು ಕೇಳಿದರು. ಆದುದರಿಂದ ಉತ್ತರ ಸಲ್ಲಬೇಕಾದುದು ಎರಡನೆಯವರಿಗೆ.

ಅಲ್ಲಿ ಶಿಕ್ಷೆಯಾದುದು ಮರದ ಬೆಲೆಗೆ ಎಂದು ತಿಳಿದರೆ ತೀರ್ಪು ವಿಚಿತ್ರವಾಗಿಯೇ ತೋರುವುದು. ಆರೋಪಪಟ್ಟಿಯಲ್ಲಿ ಮರದ ಬೆಲೆಯನ್ನು 6,22,191 ಪೌಂಡು ಎಂದೂ, ಗೋಡೆಗಾದ ಹಾನಿಯನ್ನು 1,144 ಪೌಂಡು ಎಂದೂ ಕಾಣಿಸಿದ್ದರು. ಮರಕ್ಕೆ ಹೀಗೆ ಪೌಂಡು ಲೆಕ್ಕ ಕಟ್ಟುವ ವಿದ್ಯೆ ನಮಗೆ ಅರ್ಥವಾಗದು. ದಿನದ ವ್ಯಾಪಾರದ ಲೆಕ್ಕ ಬರೆದು ಬೆಳೆದವರು ನಾವು. ಆದರೆ ಒಂದು ಮಾತು ಅರ್ಥವಾಗುತ್ತದೆ. ಯಾರ ಮನೆಯ ಹಿತ್ತಿಲಲ್ಲೂ ಇಲ್ಲದೆ ಎಲ್ಲರದೂ ಆಗಿದ್ದ ವಸ್ತುವನ್ನು ಇಬ್ಬರು ಒಂದು ರಾತ್ರಿಯ ವಿನೋದಕ್ಕಾಗಿ ಇಲ್ಲವಾಗಿಸಿದರು. ಕದ್ದ ಹಣವನ್ನು ಹಿಂದಿರುಗಿಸಬಹುದು, ಒಡೆದ ಗಾಜನ್ನು ಮತ್ತೆ ಹಾಕಿಸಬಹುದು. ನೂರು ವರ್ಷ ಮಳೆ, ಹಿಮ, ಗಾಳಿಗಳನ್ನು ಉಂಡು ಬೆಳೆದುದನ್ನು ಅಪರಾಧಿಯ ಆಸ್ತಿಯನ್ನೆಲ್ಲ ಹರಾಜು ಹಾಕಿದರೂ ತಂದು ನಿಲ್ಲಿಸಲಾಗದು. ನಾಲ್ಕು ವರ್ಷ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ನ್ಯಾಯಶಾಸ್ತ್ರ ಬಲ್ಲವರು ಹೇಳಲಿ. ಶಿಕ್ಷೆಯಾದುದು ತಪ್ಪೆಂದು ನಾವು ಹೇಳಲಾರೆವು. ಕೊಲೆಗಾರರು ಜಾಮೀನಿನ ಮೇಲೆ ತಿರುಗುವುದು ಖೇದಕರವೇ. ಅದಕ್ಕೆ ಪರಿಹಾರವು ಕೊಲೆಗಾರರ ವಿಚಾರಣೆಯನ್ನು ಬೇಗ ಮುಗಿಸುವುದೇ ಹೊರತು ಮರಕಡುಕರನ್ನು ಬಿಟ್ಟುಬಿಡುವುದಲ್ಲ.

ಇಷ್ಟು ಹೇಳಿದ ಮೇಲೆ ಜನರ ಕೋಪದ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಮ್ಮ ಬರಹ ಅಪೂರ್ಣವಾದೀತು. ಮರ ಬಿದ್ದ ದಿನವೇ ಪೊಲೀಸರು 16 ವರ್ಷದ ಹುಡುಗನೊಬ್ಬನನ್ನು ಹಿಡಿದರು. ಮರುದಿನ ಅರುವತ್ತು ದಾಟಿದ ಒಬ್ಬರನ್ನು ಹಿಡಿದರು. ಇಬ್ಬರೂ ನಿರಪರಾಧಿಗಳೆಂದು ಕಂಡುಬಂದು ಬಿಡುಗಡೆಯಾದರು. ಆದರೆ ಅಷ್ಟರಲ್ಲಿ ಕಂಡಕಂಡವರೆಲ್ಲ ಅವರ ಮೇಲೆ ತೀರ್ಪು ಬರೆದಾಗಿತ್ತು. ಆ ವೃದ್ಧರ ವೃತ್ತಿ ಹಿಂದೆ ಮರ ಕಡಿಯುವುದಾಗಿತ್ತೆಂಬುದೇ ಅವರ ಅಪರಾಧಕ್ಕೆ ಪುರಾವೆಯೆಂದು ಊಹಿಸಿದವರಿದ್ದರು. ಮರಕ್ಕಾಗಿ ಕಣ್ಣೀರಿಟ್ಟವರೇ ಮನುಷ್ಯನ ಮಾನವನ್ನು ಮೂರು ನಿಮಿಷದಲ್ಲಿ ಕಡಿದುಹಾಕಿದರೆ ಅದನ್ನು ಏನೆಂದು ಕರೆಯಬೇಕು? ಮುಂಬಯಿಯ ಹೋಟೆಲುಗಳಲ್ಲಿ ಬೆಳೆದ ನಮ್ಮವರಿಗೆ ಇದು ಹೊಸ ಅನುಭವವಲ್ಲ. ಗಲ್ಲಾದಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಮೊದಲು ತಪಾಸಣೆಯಾಗುವುದು ಊರಿನಿಂದ ನಿನ್ನೆ ಬಂದ ಹುಡುಗನ ಟ್ರಂಕು. ಕಳೆದುದು ಲೆಕ್ಕದ ತಪ್ಪಿನಿಂದ ಎಂದು ಮಧ್ಯಾಹ್ನ ತಿಳಿದರೂ, ಆ ಹುಡುಗನ ಟ್ರಂಕನ್ನು ಎಲ್ಲರೆದುರು ಬಿಚ್ಚಿದುದು ಬಿಚ್ಚಿದುದೇ.

ಜನರು ಬೇರೆ ರೀತಿಯಲ್ಲೂ ಆತುರಪಟ್ಟರು. ಕೆಲವೇ ದಿನಗಳಲ್ಲಿ ಒಬ್ಬ ಯುವಕನು ಒಂದು ಸಸಿಯನ್ನು ಕೊಂಡುತಂದು ಆ ತಗ್ಗಿನಲ್ಲಿ ನೆಟ್ಟನು. ಅಧಿಕಾರಿಗಳು ಅದನ್ನು ಕಿತ್ತು ಬೇರೆ ಕಡೆಗೆ ಸಾಗಿಸಿದರು. ಪ್ರಾಚೀನ ಗೋಡೆಯ ಪಕ್ಕದ ನೆಲವನ್ನು ಅನುಮತಿಯಿಲ್ಲದೆ ಅಗೆಯುವಂತಿಲ್ಲವೆಂಬುದು ಅವರ ಮಾತು. ಯುವಕನ ಮನಸ್ಸು ಒಳ್ಳೆಯದು. ಅಧಿಕಾರಿಗಳ ಮಾತೂ ಸುಳ್ಳಲ್ಲ. ನಮಗಂತೂ ಆ ಯುವಕನ ಮೇಲೆ ಸಿಟ್ಟಾಗಲು ಸಾಧ್ಯವಾಗಲಿಲ್ಲ.

ಇನ್ನು ನಮ್ಮ ವೃತ್ತಿಬಾಂಧವರು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಸಂಗತಿಗೆ ಬರುವೆವು. 2025ರ ಏಪ್ರಿಲ್ 3ರಂದು, ಎಂದರೆ ಆ ಇಬ್ಬರ ವಿಚಾರಣೆ ಆರಂಭವಾಗುವುದಕ್ಕೆ ಕೆಲವೇ ವಾರಗಳ ಮೊದಲು, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಎಂಬಲ್ಲಿ ಮತ್ತೊಂದು ಮರವನ್ನು ಕಡಿದರು. ಅದು ಐದುನೂರು ವರ್ಷದಷ್ಟು ಹಳೆಯದೆಂದು ಭಾವಿಸಲಾದ ಓಕ್ ವೃಕ್ಷ. ಕಡಿಸಿದವರು ಕುಡುಕರಲ್ಲ, ಪುಂಡರಲ್ಲ. ಅಲ್ಲಿನ ಭೋಜನಾಲಯವೊಂದರ ಮಾಲಿಕರು. ಮರವು ಅವರ ಕಾರು ನಿಲ್ಲಿಸುವ ಅಂಗಳದ ಅಂಚಿನಲ್ಲಿತ್ತು. ನೆಲ ನಗರಸಭೆಯದು, ಗೇಣಿ ಇವರದು. ಮರ ಅಪಾಯಕಾರಿಯಾಗಿದೆಯೆಂದು ಗುತ್ತಿಗೆದಾರರು ಹೇಳಿದರು, ಆದುದರಿಂದ ಕಡಿಸಿದೆವು ಎಂದು ಮಾಲಿಕರ ವಾದ. ಅದರಲ್ಲಿ ಚಿಗುರು ಒಡೆಯುತ್ತಿತ್ತೆಂದು ಊರವರ ವಾದ. ಜನ ಅಲ್ಲಿಯೂ ಸಿಟ್ಟಿಗೆದ್ದರು, ಕಂಪನಿಯವರು ಕ್ಷಮೆ ಕೇಳಿದರು. ಆದರೆ ಪೊಲೀಸರು ಇದು ಸಿವಿಲ್ ವಿಚಾರವೆಂದು ಕೈಬಿಟ್ಟರು. ನಗರಸಭೆ ತನ್ನ ದಾರಿಯಲ್ಲಿ ಕಾನೂನಿನ ಕ್ರಮಕ್ಕೆ ಇಳಿಯಬೇಕಾಯಿತು.

ರಾತ್ರಿಯಲ್ಲಿ ಕಡಿದವರಿಗೆ ಸೆರೆಮನೆ, ಹಗಲಿನಲ್ಲಿ ಕಡಿಸಿದವರಿಗೆ ಪತ್ರವ್ಯವಹಾರ. ನಮ್ಮ ಮುಂಬಯಿಯಲ್ಲಂತೂ ಹಗಲು ರಾತ್ರಿಗಳ ಈ ಭೇದವೂ ಉಳಿಯಲಿಲ್ಲ. 2019ರ ಅಕ್ಟೋಬರ್ 4ರಂದು ಆರೆಯ ಮರಗಳ ಕುರಿತಾದ ಅರ್ಜಿಗಳನ್ನು ಹೈಕೋರ್ಟು ತಳ್ಳಿಹಾಕಿದ ರಾತ್ರಿಯೇ ಅಲ್ಲಿ ಗರಗಸಗಳ ಸದ್ದು ಕೇಳಿಸಿತು. ತಡೆಯಲು ಓಡಿಬಂದವರನ್ನು ಪೊಲೀಸರು ಬಂಧಿಸಿದರು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ಇನ್ನು ಕಡಿಯಬಾರದೆಂದು ಆಜ್ಞಾಪಿಸುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕೊರಗಿದ್ದವು. ಮೆಟ್ರೋ ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಲೋಕಲ್ ಗಾಡಿಯ ಬಾಗಿಲಿಗೆ ನೇತುಬಿದ್ದು ಕಚೇರಿಗೆ ಹೋಗುವ ಗುಮಾಸ್ತರ ಕಷ್ಟವನ್ನು ನಾವು ಬಲ್ಲೆವು. ಆದರೆ ನ್ಯಾಯಯುತವಾದ ಕೆಲಸಕ್ಕೆ ನಡುರಾತ್ರಿಯ ಆತುರವೇಕೆ ಎಂಬುದಕ್ಕೆ ಸಮಾಧಾನಕರವಾದ ಉತ್ತರವನ್ನು ಯಾರೂ ಕೊಡಲಿಲ್ಲ.

ಪರರ ಮಾತು ಸಾಕು. ಈ ಪತ್ರಿಕೆಗೆ ಬರುವ ಮೊದಲು ಹಲವು ವರ್ಷ ನಾವು ಹೋಟೆಲು ನಡೆಸಿದವರೆಂಬುದು ಅನೇಕ ವಾಚಕರಿಗೆ ತಿಳಿದಿದೆ. ನಮ್ಮ ಹೋಟೆಲಿನ ಎದುರಿಗೆ ಒಂದು ಬಾದಾಮಿ ಮರವಿತ್ತು. ಹೊಸದಾಗಿ ಬರೆಯಿಸಿದ ಬೋರ್ಡು ಅದರ ಕೊಂಬೆಗಳ ಹಿಂದೆ ಮರೆಯಾಗುತ್ತಿತ್ತು. ಅರ್ಜಿ ಕೊಟ್ಟು ಕಾಯುವ ತಾಳ್ಮೆ ನಮಗಿರಲಿಲ್ಲ. ಒಂದು ಭಾನುವಾರ ಬೆಳಕು ಹರಿಯುವ ಮುನ್ನ ಇಬ್ಬರು ಕೂಲಿಗಳಿಗೆ ಹಣ ಕೊಟ್ಟು ನಮ್ಮ ಕಡೆಯ ಕೊಂಬೆಗಳನ್ನೆಲ್ಲ ಕಡಿಸಿದೆವು. ಬೋರ್ಡು ಚೆನ್ನಾಗಿ ಕಂಡಿತು. ವ್ಯಾಪಾರ ಒಂದು ಕಪ್ಪು ಕಾಫಿಯಷ್ಟೂ ಹೆಚ್ಚಲಿಲ್ಲ.

ಆ ಮರದ ಕೆಳಗೆ ಮಧ್ಯಾಹ್ನ ಮೂರರಿಂದ ಐದರವರೆಗೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುನ್ನ, ನಮ್ಮ ಹುಡುಗರು ರಟ್ಟು ಹಾಸಿಕೊಂಡು ಮಲಗುತ್ತಿದ್ದರು. ಒಲೆಯ ಮುಂದೆ ಬೆಂದ ಮೈಗೆ ದಿನದಲ್ಲಿ ದೊರೆಯುತ್ತಿದ್ದ ತಂಪು ಅಷ್ಟೇ. ಊರಿಗೆ ಕಾಗದ ಬರೆಯುತ್ತಿದ್ದುದೂ ಅಲ್ಲಿಯೇ, ರಾತ್ರಿಶಾಲೆಯ ಪಾಠ ಓದುತ್ತಿದ್ದುದೂ ಅಲ್ಲಿಯೇ. ಆ ಸೋಮವಾರ ಅವರು ಬಿಸಿಲಿನಲ್ಲಿ ಗೋಡೆಗೊರಗಿ ಕುಳಿತಿದ್ದರು. ಯಾರೂ ನಮ್ಮೊಡನೆ ಒಂದು ಮಾತನ್ನೂ ಆಡಲಿಲ್ಲ. ಸಂಬಳ ಕೊಡುವವನೊಡನೆ ಆಡುವುದಾದರೂ ಹೇಗೆ? ಅಡುಗೆಯ ಭಟ್ಟರು ಮಾತ್ರ, “ಧನಿಗಳೇ, ಒಂದು ಕೈ ಕಡಿದ ಮರ ಮಳೆಗಾಲಕ್ಕೆ ನಿಲ್ಲುವುದಿಲ್ಲ” ಎಂದರು. ಒಂದೇ ಕಡೆ ಭಾರ ಉಳಿದ ಮರ ಗಾಳಿಗೆ ಆ ಕಡೆಗೇ ವಾಲುವುದೆಂಬುದನ್ನು ತೋಟದ ಮನೆಯಲ್ಲಿ ಹುಟ್ಟಿದ ಅವರು ಬಲ್ಲವರಾಗಿದ್ದರು. ಎರಡನೆಯ ಮಳೆಗಾಲದ ಒಂದು ರಾತ್ರಿ ಅದು ಬೇರುಸಹಿತ ರಸ್ತೆಗೆ ಬಿದ್ದಿತು. ಹಣ್ಣಿನ ಗಾಡಿಯೊಂದು ಪುಡಿಯಾಯಿತು. ಜೀವಹಾನಿಯಾಗದಿದ್ದುದು ದೈವಕೃಪೆ. ಪತ್ರಿಕೆಗಳಲ್ಲಿ ಮಳೆಯಿಂದ ಬಿದ್ದ ಮರಗಳ ಪಟ್ಟಿಯಲ್ಲಿ ಅದೂ ಸೇರಿತು. ನಮ್ಮ ಹೆಸರು ಎಲ್ಲಿಯೂ ಬರಲಿಲ್ಲ.

ಹೀಗಿರುವಾಗ ಇಂಗ್ಲೆಂಡಿನ ಇಬ್ಬರನ್ನು ಬಯ್ಯಲು ಲೇಖನಿ ಎತ್ತಿದಾಗ ಕೈ ಸ್ವಲ್ಪ ತಡೆಯಿತು. ಅವರಂತೆ ನಾವು ವಿನೋದಕ್ಕಾಗಿ ಮಾಡಲಿಲ್ಲ ಎಂಬ ಸಮಾಧಾನ ಹೇಳಿಕೊಳ್ಳಬಹುದು. ಅವರಂತೆ ನಾವೂ ಬೆಳಕಾಗುವ ಮುನ್ನ ಮಾಡಿದೆವು ಎಂಬುದನ್ನು ಅಲ್ಲಗಳೆಯುವುದು ಹೇಗೆ? ಬೋರ್ಡಿಗಾಗಿ ಬುಡಕ್ಕೆ ಕುದಿನೀರು ಸುರಿಸಿದವರನ್ನೂ, ಬೇರಿನ ಮೇಲೆ ಮೋರಿಯವರೆಗೆ ಸಿಮೆಂಟು ಮುಚ್ಚಿಸಿದವರನ್ನೂ ನಾವು ನಮ್ಮ ವೃತ್ತಿಯಲ್ಲಿ ಕಂಡಿದ್ದೇವೆ. ನೀರು ಇಂಗಲು, ಗಾಳಿಯಾಡಲು ಎಡೆಯಿಲ್ಲದೆ ಆ ಮರ ಮೇಲೆ ಹಸಿರಾಗಿ ಕಂಡರೂ ಕೆಳಗೆ ಸಾಯುತ್ತ ಬರುವುದು. ಮಹಾರಾಷ್ಟ್ರದಲ್ಲಿ ನಗರಗಳ ಮರಗಳನ್ನು ರಕ್ಷಿಸುವ ಕಾಯಿದೆ 1975ರಿಂದ ಇದೆ. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಬೇರೆಯಾಗಿ ಗುರುತಿಸಿದ್ದಾರೆ. ಕೊಂಬೆ ತೆಗೆಯಬೇಕಾದರೆ ವಾರ್ಡ್ ಕಚೇರಿಯಲ್ಲಿ ಅರ್ಜಿ ಕೊಡುವ ಕ್ರಮವಿದೆ. ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಕೊಟ್ಟರೆ ಬಲ್ಲವರ ಕೈಯಿಂದ ಎರಡೂ ಕಡೆ ಸಮನಾಗಿ ಕತ್ತರಿಸಿಕೊಳ್ಳಬಹುದು.

ಸಿಕಮೋರ್ ಮರದ ಬುಡವನ್ನು ಅಲ್ಲಿಯ ಜನ ಕೀಳಲಿಲ್ಲ. ಬೇಲಿ ಕಟ್ಟಿ ಬಿಟ್ಟರು. ಕಾಂಡ ಹೋದರೂ ಬೇರು ಬದುಕಿದ್ದುದರಿಂದ 2024ರ ಬೇಸಗೆಯಲ್ಲಿ ಎಂಟು ಚಿಗುರುಗಳು ಕಾಣಿಸಿಕೊಂಡವು. ಬಿದ್ದ ಮರದ ಬೀಜ ಮತ್ತು ಕಡ್ಡಿಗಳಿಂದ ಸಸಿಗಳನ್ನು ಎಬ್ಬಿಸಿ, ಅದರ ಎತ್ತರದ ಅಡಿಗೊಂದರಂತೆ 49 ಸಸಿಗಳನ್ನು ಊರೂರಿಗೆ ಹಂಚಲು ನಿರ್ಧರಿಸಿದರು. ಐದುನೂರರ ಸಮೀಪ ಅರ್ಜಿಗಳು ಬಂದವು. 2025ರ ನವೆಂಬರಿನಲ್ಲಿ ನೆಡುವ ಕೆಲಸವೂ ಮೊದಲಾಯಿತು.

ನಮ್ಮ ಗಲ್ಲಾದ ಮಿತ್ರರ ಹೋಟೆಲಿನ ಎದುರಿಗೂ ಒಂದು ಮರವಿದೆ. ಅದರ ಕಾಂಡಕ್ಕೆ ನಾಲ್ಕು ದಪ್ಪ ಮೊಳೆ ಹೊಡೆದು ಇಂದಿನ ವಿಶೇಷ ತಿಂಡಿಗಳ ಹಲಗೆಯನ್ನು ತೂಗಹಾಕಿದ್ದಾರೆ. ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಕೆಳಗಿಳಿದು ಹೋಗಿ ಅವರಿಗೆ ಓದಿ ಹೇಳಿದೆವು. ಹಲಗೆಯನ್ನು ನಾಳೆಯೇ ತೆಗೆಸುವುದಾಗಿ ಹೇಳಿದ್ದಾರೆ. ಚಹಾದ ಹಣವನ್ನು ಮಾತ್ರ ಎಂದಿನಂತೆ ತೆಗೆದುಕೊಂಡರು.