ಕೋವಿ ಯಾರನ್ನು ಕಾಯುತ್ತದೆ?

ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಮಿತ್ರರೊಬ್ಬರು ಮೊನ್ನೆ ಪೇಟೆಯ ಅಂಗಡಿ ಜಗಲಿಯಲ್ಲಿ ಕುಳಿತು ನಮ್ಮನ್ನು ಕೇಳಿದರು: "ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಕೊಂದರು. ಗೌರಿ ಲಂಕೇಶರನ್ನೂ ಹಾಗೆಯೇ ಕೊಂದರು. ಕೊಲ್ಲುವವರ ಕೈಯಲ್ಲಿ ಪಿಸ್ತೂಲು, ನಮ್ಮವರ ಕೈಯಲ್ಲಿ ಕರಪತ್ರ. ಎಡಪಂಥದವರೂ ಲೈಸೆನ್ಸ್ ಪಡೆದು ಒಂದು ಕೋವಿ ಇಟ್ಟುಕೊಂಡರೆ ತಪ್ಪೇನು ಮಾರಾಯ್ರೆ?"

ಈ ಪ್ರಶ್ನೆಯನ್ನು ಅಹಿಂಸೆಯ ಉಪದೇಶ ಮಾಡಿ ತಳ್ಳಿಹಾಕುವಂತಿಲ್ಲ. ಆಯುಧದ ಹಕ್ಕನ್ನು ಕೇಳಿದವರಲ್ಲಿ ನಮ್ಮವರೂ ಇದ್ದರು. ಪರಕೀಯ ಸರಕಾರವು 1878ರ ಆಯುಧ ಕಾಯಿದೆಯಿಂದ ಈ ದೇಶದ ಜನರ ಕೈಕಟ್ಟಿತ್ತು. ಅದಕ್ಕೆ ಉತ್ತರವಾಗಿ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕೆಂದು ಸಾರಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಕೇಳಿದವರು ಮಂಗಳೂರಿನಲ್ಲಿ ಹುಟ್ಟಿದ, ಮುಂದೆ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಲೋಕಸಭೆಗೆ ಹೋದ ಹರಿ ವಿಷ್ಣು ಕಾಮತರು. ಅಂಬೇಡ್ಕರರು ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಳ್ಳುವಂತಾದರೆ ರಾಜ್ಯಾಡಳಿತ ನಡೆಯುವುದಾದರೂ ಹೇಗೆ ಎಂಬುದು ಅವರ ವಾದ. ಸಭೆಯೂ ಅವರೊಡನೆ ನಿಂತಿತು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 1959ರ ಆಯುಧ ಕಾಯಿದೆಯ 14ನೆಯ ಕಲಮು, ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದೆಂದು ಹೇಳುತ್ತದೆ. ಬೆಳೆ ಕಾಯುವ ರೈತನಿಗೆ ಕೇಪಿನ ಕೋವಿಯ ಲೈಸೆನ್ಸ್ ಕೊಡುವ ಏರ್ಪಾಡೂ ಅದರಲ್ಲಿದೆ. ಧನಿಗಳ ಚಾವಡಿಯ ಗೋಡೆಗೆ ಮಾತ್ರ ಕೋವಿ ಒಪ್ಪುತ್ತದೆಂದು ಯಾವ ಶಾಸನವೂ ಹೇಳಿಲ್ಲ. ಆದುದರಿಂದ ಜೀವಭಯವಿರುವ ಕಾರ್ಮಿಕನೊಬ್ಬ ಅರ್ಜಿ ಹಾಕಿದರೆ ಅದು ಪಾಪವೂ ಅಲ್ಲ, ಪಕ್ಷದ್ರೋಹವೂ ಅಲ್ಲ.

ಆದರೆ ಹಕ್ಕು ಬೇರೆ, ರಕ್ಷಣೆ ಬೇರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಕಲಬುರ್ಗಿಯವರ ಬಾಗಿಲಿಗೆ ಬಂದವನು ವೈರಿಯಂತೆ ಬರಲಿಲ್ಲ. ಮಾತಾಡಿಸಲು ಬಂದವನಂತೆ ಬಂದ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿಯವರು ಬೆಂಗಳೂರಿನ ತಮ್ಮ ಮನೆಗೆ ಮರಳಿದಾಗ ಗುಂಡು ಹಾರಿತು. ಕೊಲ್ಲಬಂದವನು ಹೊತ್ತನ್ನೂ ಜಾಗವನ್ನೂ ತಾನೇ ಆರಿಸುತ್ತಾನೆ. ಆ ಗಳಿಗೆಯಲ್ಲಿ ಕಪಾಟಿನೊಳಗಿನ ಕೋವಿ ಏನು ಮಾಡೀತು? ಎರಡೂ ಕೊಲೆಗಳಲ್ಲಿ ಬಳಕೆಯಾದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಮೊದಲನೆಯ ಕೊಲೆಯ ಜಾಲವನ್ನು ಆಗಲೇ ಹಿಡಿದಿದ್ದರೆ ಎರಡನೆಯದು ನಡೆಯುತ್ತಿತ್ತೇ? ಗೌರಿಯವರ ಜೀವ ಉಳಿಸಬಹುದಾಗಿದ್ದುದು ಅವರ ಕೈಯ ಕೋವಿಯಲ್ಲ. ಎರಡು ವರ್ಷ ಮೊದಲೇ ಮುಗಿಯಬೇಕಿದ್ದ ತನಿಖೆ.

ಇನ್ನು ನಮ್ಮ ಊರಿನದೇ ಲೆಕ್ಕ ನೋಡೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಮಲೆಯ ಜನರನ್ನು ಕಾಡಿತ್ತು. ಆ ಸಂಕಟ ನಿಜವಾದದ್ದು. ಕೋವಿಯೇ ಅದಕ್ಕೆ ಮದ್ದೆಂದು ಕೆಲವರು ಕಾಡು ಸೇರಿದರು. ಏನಾಯಿತು? 2003ರ ನವೆಂಬರ್ 17ರಂದು ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ತರುಣಿಯರು ಪೋಲೀಸರ ಗುಂಡಿಗೆ ಬಿದ್ದರು. 2008ರಲ್ಲಿ ಸೀತಾನದಿಯ ಬಳಿ ಒಬ್ಬ ಶಿಕ್ಷಕರು ಕಾಡಿನವರ ಗುಂಡಿಗೆ ಬಲಿಯಾದರು. 2011ರಲ್ಲಿ ಕಬ್ಬಿನಾಲೆಯ ಬಡ ಕೃಷಿಕನೊಬ್ಬನನ್ನು ಪೋಲೀಸರ ಮಾಹಿತಿದಾರನೆಂದು ಕೊಂದರು. 2024ರ ನವೆಂಬರ್ 18ರಂದು ಅದೇ ಕಬ್ಬಿನಾಲೆಯ ಪೀತಬೈಲಿನಲ್ಲಿ ಈ ಮಣ್ಣಿನವನೇ ಆದ ವಿಕ್ರಂ ಗೌಡ ಸತ್ತ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಎರಡು ದಶಕದ ಈ ಖಾತೆಯಲ್ಲಿ ಹೆಣಗಳಿವೆ, ಜೈಲುಗಳಿವೆ. ಕೋವಿಯ ಬಲದಿಂದ ದಕ್ಕಿದ ಒಂದು ಪಟ್ಟಾ ಕಾಣುವುದಿಲ್ಲ. 2014ರಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಕಾಡು ಬಿಟ್ಟು ಬಂದಾಗ ಅದಕ್ಕಾಗಿ ದುಡಿದವರಲ್ಲಿ ಗೌರಿಯವರೂ ಒಬ್ಬರೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಖಾತೆಯನ್ನೂ ತೆರೆಯೋಣ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಬರಿಗೈಯಲ್ಲಿ ಗದ್ದೆಗಿಳಿದು ಜೈಲು ಸೇರಿದರು. ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಅಂದು ಅದು ಸೋಲಿನಂತೆ ಕಂಡಿತು. ಆದರೆ ಉಳುವವನದೇ ಹೊಲ ಎಂಬ ಮಾತು 1974ರಲ್ಲಿ ಭೂಸುಧಾರಣೆಯ ಶಾಸನವಾಯಿತು. ನಮ್ಮ ಜಿಲ್ಲೆಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತರು. ಧನಿಯ ಮನೆಯಲ್ಲಿ ಕೋವಿ ಇತ್ತು, ಒಕ್ಕಲಿನ ಕೈಯಲ್ಲಿ ಅರ್ಜಿ ಇತ್ತು. ಗೆದ್ದದ್ದು ಅರ್ಜಿ. ಯಾಕೆಂದರೆ ಅರ್ಜಿ ಹಾಕಿದವರು ಒಬ್ಬಿಬ್ಬರಾಗಿರಲಿಲ್ಲ.

ಮಿತ್ರರಿಗೆ ನಮ್ಮ ಉತ್ತರ ಇಷ್ಟೇ. ಲೈಸೆನ್ಸ್ ಬೇಕೆನಿಸಿದರೆ ಅರ್ಜಿ ಹಾಕಿರಿ. ಆದರೆ ಅದನ್ನು ಚಳವಳಿಯೆಂದು ತಿಳಿಯಬೇಡಿರಿ. ಕೋವಿ ಕೊಂಡವನು ರಾತ್ರಿ ಒಬ್ಬನೇ ಎಚ್ಚರವಿರಬೇಕು. ಸಂಘ ಕಟ್ಟಿದವನಿಗಾಗಿ ಹತ್ತು ಮನೆ ಎಚ್ಚರವಿರುತ್ತದೆ. ನಮ್ಮವರಲ್ಲಿ ಯಾರಿಗಾದರೂ ಬೆದರಿಕೆ ಬಂದರೆ ಅವರನ್ನು ಒಂಟಿಯಾಗಿ ಠಾಣೆಗೆ ಕಳುಹಿಸಬೇಡಿರಿ. ಮಿಲ್ಲಿನವರೂ ಅಂಗಡಿಯವರೂ ಇಪ್ಪತ್ತು ಮಂದಿ ಜೊತೆಗೆ ಹೋಗಿರಿ, ದೂರು ದಾಖಲಾಗುವ ತನಕ ಅಲ್ಲಿಂದ ಏಳಬೇಡಿರಿ. ಕೊಲೆಯ ವಿಚಾರಣೆಗಳನ್ನು ವರ್ಷಗಟ್ಟಲೆ ಎಳೆಯಬಾರದೆಂದು ಸರಕಾರವನ್ನು ಒತ್ತಾಯಿಸಿರಿ. ಬಡವನ ರಕ್ಷಣೆ ಅವನ ನೆರೆಹೊರೆಯಲ್ಲಿದೆ. ಅದನ್ನು ಕಟ್ಟಲು ಯಾವ ಲೈಸೆನ್ಸೂ ಬೇಡ.