ಸಣ್ಣ ಹಿಡುವಳಿಯ ಸಾವಯವಕ್ಕೆ ಟಿಲ್ಲರ್ ಬೇಕು

ಸಾವಯವ ಕೃಷಿ ಎಂದ ಕೂಡಲೇ ಜೋಡೆತ್ತು, ಮರದ ನೇಗಿಲು ನೆನಪಾಗುತ್ತವೆ. ಯಂತ್ರ ಎಂದ ಕೂಡಲೇ ಯೂರಿಯಾ ಚೀಲ ನೆನಪಾಗುತ್ತದೆ. ಯಂತ್ರ ಒಂದು ಪಕ್ಷ, ತಿಪ್ಪೆಗೊಬ್ಬರ ಇನ್ನೊಂದು ಪಕ್ಷ ಎಂಬಂತೆ ವೇದಿಕೆಗಳಲ್ಲಿ ಮಾತು ನಡೆಯುತ್ತಿದೆ. ಈ ವಿಂಗಡಣೆಯಿಂದ ಹೆಚ್ಚು ಪೆಟ್ಟು ತಿಂದವನು ಸಣ್ಣ ರೈತ. ಎತ್ತು ಸಾಕಲು ಅವನಿಂದ ಆಗುತ್ತಿಲ್ಲ, ದೊಡ್ಡ ಟ್ರ್ಯಾಕ್ಟರ್ ಅವನ ಹೊಲಕ್ಕೆ ಹೊಂದುತ್ತಿಲ್ಲ, ಗೊಬ್ಬರದ ಅಂಗಡಿಯ ಸಾಲ ತೀರುತ್ತಿಲ್ಲ. ಇಂದಿನ ಸ್ಥಿತಿಯಲ್ಲಿ ಸಣ್ಣ ಹಿಡುವಳಿಯ ಸಾವಯವ ಕೃಷಿ ನಿಲ್ಲಬೇಕಾದರೆ, ಹಿಂದೆ ನಡೆದು ಓಡಿಸುವ ಪವರ್ ಟಿಲ್ಲರ್ ಮತ್ತು ಮನೆಯಲ್ಲೇ ತಯಾರಾಗುವ ಗೊಬ್ಬರ ಎರಡೂ ಒಂದೇ ಬೇಸಾಯದೊಳಗೆ ಬರಬೇಕು ಎಂಬುದು ನಮ್ಮ ವಾದ.

ಮೊದಲು ನೆಲದ ಲೆಕ್ಕ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ನೂರಕ್ಕೆ 86 ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಕಡಿಮೆ. ಕರ್ನಾಟಕದ ಸರಾಸರಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯೂ ಇಲ್ಲ. ಅದೂ ಒಂದೇ ಕಡೆ ಇರುವುದು ಅಪರೂಪ. ಮಲೆನಾಡಿನ ಮೆಟ್ಟಿಲು ಗದ್ದೆ, ಮಂಡ್ಯದ ನಾಲೆ ಬಯಲಿನಲ್ಲಿ ಪಾಲಾಗಿ ಹತ್ತು ಹದಿನೈದು ಗುಂಟೆಗೆ ಇಳಿದ ತಾಕು, ಬಯಲುಸೀಮೆಯ ಓರೆ ಹೊಲ — ಇಂಥಲ್ಲಿ ಎರಡು ಟನ್ ತೂಗುವ ಟ್ರ್ಯಾಕ್ಟರ್ ತಿರುಗಿಸುವಷ್ಟರಲ್ಲಿ ಬದು ಕುಸಿದಿರುತ್ತದೆ, ಮೂಲೆ ಉಳಿದಿರುತ್ತದೆ. ಇನ್ನು ದನದ ಲೆಕ್ಕ. 2012ರಿಂದ 2019ರ ಜಾನುವಾರು ಗಣತಿಯ ನಡುವೆ ದೇಶದಲ್ಲಿ ಹಸುಗಳ ಸಂಖ್ಯೆ ಶೇಕಡಾ 18ರಷ್ಟು ಏರಿತು, ಗಂಡು ದನಗಳ ಸಂಖ್ಯೆ ಶೇಕಡಾ 30ರಷ್ಟು ಇಳಿಯಿತು. ಕೊಟ್ಟಿಗೆ ಖಾಲಿಯಾಗಿಲ್ಲ, ಖಾಲಿಯಾಗಿರುವುದು ನೊಗ. ಸಗಣಿ, ಗಂಜಲ ಇಂದಿಗೂ ಮನೆಯಲ್ಲಿವೆ. ಅವನ್ನು ಹೊಲಕ್ಕೆ ಸಾಗಿಸಿ ಮಣ್ಣಿಗೆ ಸೇರಿಸುವ ಬಲ ಮಾತ್ರ ಹೋಗಿದೆ.

ಸಾವಯವ ಬಿಟ್ಟವರು ಕೊಡುವ ಕಾರಣವೂ ಬಹುಮಟ್ಟಿಗೆ ಇದೇ: ಆಳು ಸಿಗಲಿಲ್ಲ, ಹೊತ್ತಿಗೆ ಕೆಲಸ ಆಗಲಿಲ್ಲ. ಯೂರಿಯಾ ಚೀಲವನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಅರ್ಧ ದಿನದಲ್ಲಿ ಎರಚಿ ಬರಬಹುದು. ಅಷ್ಟೇ ಸಾರಜನಕ ಕೊಡಲು ಟನ್ನುಗಟ್ಟಲೆ ಕೊಟ್ಟಿಗೆ ಗೊಬ್ಬರ ಅಗೆಯಬೇಕು, ತುಂಬಬೇಕು, ಹೊರಬೇಕು, ಹರಡಬೇಕು. ಹರಡಿದ್ದನ್ನು ಅಂದೇ ಮಣ್ಣಿಗೆ ಬೆರೆಸಬೇಕು. ಬಿಸಿಲಿಗೆ ಬಿಟ್ಟರೆ ಅಮೋನಿಯ ಗಾಳಿಗೆ ಹೋಗುತ್ತದೆ. ಬೇಸಗೆಯಲ್ಲಿ ಎಷ್ಟೋ ಹೊಲಗಳಲ್ಲಿ ಗೊಬ್ಬರದ ಗುಡ್ಡೆಗಳು ಸಾಲಾಗಿ ಒಣಗುತ್ತ ವಾರಗಟ್ಟಲೆ ಕೂತಿರುತ್ತವೆ. ಅಲ್ಲಿ ಉಳಿಯುವುದು ನಾರು, ಸತ್ವ ಹೋಗಿರುತ್ತದೆ. ಹಸಿರೆಲೆ ಗೊಬ್ಬರದಲ್ಲಂತೂ ಹೊತ್ತೇ ಎಲ್ಲ. ಭರಣಿ ಮಳೆಗೆ ಚೆಲ್ಲಿದ ಡಯಾಂಚ ಅಥವಾ ಸೆಣಬು ನಲವತ್ತೈದು ದಿನಕ್ಕೆ, ಮೃಗಶಿರಾ ಹೊತ್ತಿಗೆ, ಹೂವಿಗೆ ಬರುತ್ತದೆ. ಆಗ ಕಾಂಡ ಎಳೆಯದು, ಮಣ್ಣಿಗೆ ಸೇರಿಸಿದರೆ ಬೇಗ ಕೊಳೆಯುತ್ತದೆ. ಬಾಡಿಗೆ ಟ್ರ್ಯಾಕ್ಟರಿನ ಸರದಿ ಕಾಯುತ್ತ ಎರಡು ವಾರ ಕಳೆದರೆ ಕಾಂಡ ಕಟ್ಟಿಗೆಯಾಗುತ್ತದೆ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ನಾಟಿ ಮಾಡಿದ ಪೈರು ಹಳದಿಯಾಗುತ್ತದೆ. ಸಾವಯವ ಕೈಕೊಟ್ಟಿತು ಎಂದು ರೈತ ಅಂದುಕೊಳ್ಳುತ್ತಾನೆ, ಕೈಕೊಟ್ಟದ್ದು ಆ ಹದಿನೈದು ದಿನ. ಊರಲ್ಲೊಂದು ಟಿಲ್ಲರ್ ಇದ್ದರೆ ಆ ಹದಿನೈದು ದಿನ ಉಳಿಯುತ್ತದೆ. ಅದರ ರೋಟರಿ ಹಲ್ಲುಗಳು ಅರ್ಧ ಅಡಿಯೊಳಗಿನ ಮಣ್ಣಿನಲ್ಲೇ ಸೊಪ್ಪನ್ನು ಕತ್ತರಿಸಿ ಬೆರೆಸುತ್ತವೆ, ಬೆಳೆಗೆ ಬೇಕಾದದ್ದೂ ಆ ಪದರದಲ್ಲೇ. ಸೆಣಬಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಲಿತ ನಾರು ರೋಟರಿಯ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಯಂತ್ರ ನಿಂತುಬಿಡುತ್ತದೆ. ಹೂ ಬಿಡುವ ಮುಂಚೆಯೇ ಕುಡುಗೋಲಿನಿಂದ ಎರಡು ಮೂರು ತುಂಡು ಮಾಡಿ ಕೆಡವಿ ಆಮೇಲೆ ಟಿಲ್ಲರ್ ಹೊಡೆಯುವುದು ಒಳ್ಳೆಯದು. ಡಯಾಂಚದಲ್ಲಿ ಈ ತೊಂದರೆ ಕಡಿಮೆ.

ಈಗ ಗೊಬ್ಬರದ ಕಡೆಗೆ. ಜೀವಾಮೃತದ ಬಗ್ಗೆ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಂದ ಊರೂರಿಗೂ ತಿಳಿವಳಿಕೆ ಬಂತು. ಅದು ದೊಡ್ಡ ಉಪಕಾರ. 200 ಲೀಟರ್ ನೀರು, ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನದೊಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಗೋಣಿ ಮುಚ್ಚಿ ಎರಡು ಮೂರು ದಿನ ಬೆಳಿಗ್ಗೆ ಸಂಜೆ ತಿರುವಿದರೆ ನೊರೆ ಎದ್ದು ಹುಳಿವಾಸನೆ ಬರುತ್ತದೆ, ಎಕರೆಗೆ ಒಂದು ಡ್ರಮ್. ಆದರೆ ಇಷ್ಟರಿಂದಲೇ ಬೆಳೆಗೆ ಸಾಕು ಎಂಬ ಮಾತನ್ನು ಒಪ್ಪಲಾಗದು. ಸಗಣಿ, ಗಂಜಲ, ಹಿಟ್ಟು ಮೂರರಲ್ಲಿರುವ ಸಾರಜನಕ ಕೂಡಿಸಿದರೂ ಒಂದು ಡ್ರಮ್ಮಿನಲ್ಲಿ ಸುಮಾರು 200 ಗ್ರಾಂ. ನೀರಾವರಿ ಭತ್ತಕ್ಕೆ ಶಿಫಾರಸಾಗಿರುವುದು ಎಕರೆಗೆ 40 ಕಿಲೋ. ಜೀವಾಮೃತ ಮಾಡುವ ಕೆಲಸ ಬೇರೆ: ಅದು ಮಣ್ಣಿನಲ್ಲಿ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಿ, ಇರುವ ಸೊಪ್ಪು ಸದೆಯನ್ನು ಬೇಗ ಕರಗಿಸುತ್ತದೆ. ಕರಗಿಸಲು ಏನೂ ಇಲ್ಲದ ಬೋಳು ಕೆಂಪು ಮಣ್ಣಿಗೆ ಡ್ರಮ್ಮುಗಟ್ಟಲೆ ಸುರಿದರೂ ಫಲ ಕಾಣದು. ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬಂದದ್ದು ಸುಮ್ಮನೆ ಅಲ್ಲ. ಒಂದು ತೋಟದ ಫಲವತ್ತತೆಗೆ ಅಷ್ಟು ಸೊಪ್ಪು, ಅಷ್ಟು ದರಕು ಬೇಕಿತ್ತು.

ಬೆಟ್ಟವಿಲ್ಲದ ಎರಡು ಎಕರೆಯವನು ಏನು ಮಾಡಬೇಕು? ಲೆಕ್ಕ ಹಾಕಿ ನೋಡೋಣ. ಎರಡು ಹಸು ದಿನಕ್ಕೆ ಇಪ್ಪತ್ತು ಕಿಲೋ ಸಗಣಿ ಹಾಕಿದರೆ ವರ್ಷಕ್ಕೆ ಏಳು ಟನ್; ಕಸಕಡ್ಡಿ ಸೇರಿ, ಕೊಳೆತು, ಐದು ಟನ್ ಗೊಬ್ಬರವಾದರೂ ಉಳಿಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು, ಹಾಗಾಗಿ ಐದು ಟನ್ನಿನಲ್ಲಿ 25 ಕಿಲೋ, ಎರಡು ಎಕರೆಗೆ ಹಂಚಿದರೆ ಎಕರೆಗೆ ಹನ್ನೆರಡೂವರೆ. ಚೆನ್ನಾಗಿ ಬೆಳೆದ ಡಯಾಂಚ ಎಕರೆಗೆ ಇನ್ನೊಂದು 25 ಕಿಲೋ ಸೇರಿಸುತ್ತದೆ. ಇಷ್ಟಕ್ಕೇ ಎಕರೆಗೆ 37 ಕಿಲೋ ಆಯಿತು. ಎಲ್ಲವೂ ಮೊದಲ ವರ್ಷವೇ ಪೈರಿಗೆ ದಕ್ಕುವುದಿಲ್ಲ ಎಂಬುದು ನಿಜ, ಆದರೆ ಉಳಿದದ್ದು ಮುಂದಿನ ವರ್ಷಕ್ಕೆ ಜಮೆಯಾಗುತ್ತದೆ. ಇದಕ್ಕಿಂತ ದೊಡ್ಡ ಆಸ್ತಿ ಕೊಟ್ಟಿಗೆಯಿಂದ ದಿನವೂ ಹರಿದು ಚರಂಡಿ ಸೇರುತ್ತಿದೆ. ಗಂಜಲದಲ್ಲಿ ಲೀಟರಿಗೆ ಎಂಟರಿಂದ ಹತ್ತು ಗ್ರಾಂ ಸಾರಜನಕವಿದೆ. ಎರಡು ಹಸುವಿನಿಂದ ದಿನಕ್ಕೆ ಹತ್ತು ಲೀಟರ್ ಹಿಡಿದರೆ ವರ್ಷಕ್ಕೆ ಸುಮಾರು 30 ಕಿಲೋ, ಅಂದರೆ ಒಂದೂವರೆ ಚೀಲ ಯೂರಿಯಾದಲ್ಲಿರುವಷ್ಟು. ಕೊಟ್ಟಿಗೆಯ ನೆಲವನ್ನು ಹಿಂದಕ್ಕೆ ಸ್ವಲ್ಪ ಓರೆ ಮಾಡಿ, ಅಂಗೈ ಅಗಲದ ಕಾಲುವೆ ತೆಗೆದು, ಕೊನೆಯಲ್ಲೊಂದು ಬಕೆಟ್ ಗುಂಡಿ ಇಟ್ಟರೆ ಸಾಕು. ಅದೂ ಆಗದಿದ್ದರೆ ದನದ ಕಾಲಡಿ ತರಗು, ಹುಲ್ಲಿನ ಚೂರು, ಮಣ್ಣು ಹಾಸಿ ಹೀರಿಸಿ ತಿಪ್ಪೆಗೆ ಎಳೆಯಬಹುದು. ಡ್ರಮ್ಮಿಗೆ ಬೆಲ್ಲ ಕೊಳ್ಳುವ ಮೊದಲು ಆಗಬೇಕಾದ ಕೆಲಸ ಇದು. ತಿಪ್ಪೆಗೂ ಮೇಲೊಂದು ನೆರಳು, ಸುತ್ತ ಒಂದು ಒಡ್ಡು ಬೇಕು, ಮಳೆ ನೀರಿನಲ್ಲಿ ಪೊಟ್ಯಾಷ್ ತೊಳೆದು ಹೋಗದ ಹಾಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಗುಂಡಿ ಗೊಬ್ಬರದ ವಿಧಾನ ಬೆಂಗಳೂರು ವಿಧಾನ ಎಂದೇ ಹೆಸರಾಯಿತು: ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ತಿಂಗಳುಗಟ್ಟಲೆ ಬಿಡುವುದು. ಆಳು ಕಡಿಮೆ ಇರುವ ಮನೆಗೆ ಅದು ಇಂದಿಗೂ ಸರಿ. ಹೊಂಗೆ ಹಿಂಡಿ, ಬೇವಿನ ಹಿಂಡಿ, ಬದುವಿನ ಗ್ಲಿರಿಸಿಡಿಯ, ಕರಾವಳಿಯ ಸುಡುಮಣ್ಣು — ಊರಿಗೆ ತಕ್ಕಂತೆ ಇವೂ ಸೇರಲಿ.

ನಮ್ಮ ವಾದಕ್ಕೆ ಆಕ್ಷೇಪಗಳಿವೆ. ಎತ್ತು ಉಳುತ್ತದೆ, ಗೊಬ್ಬರವನ್ನೂ ಕೊಡುತ್ತದೆ, ಟಿಲ್ಲರ್ ಡೀಸೆಲ್ ಕುಡಿದು ಹೊಗೆ ಕೊಡುತ್ತದೆ ಎನ್ನುತ್ತಾರೆ. ಎತ್ತು ಇಟ್ಟುಕೊಂಡವರಿಗೆ ಕೈಮುಗಿಯುತ್ತೇವೆ, ಅವರು ಅದನ್ನು ಬಿಡಬೇಕಾಗಿಲ್ಲ. ಆದರೆ ಎರಡು ಎಕರೆಯಲ್ಲಿ ಎತ್ತಿಗೆ ಕೆಲಸವಿರುವುದು ವರ್ಷದಲ್ಲಿ ಕೆಲವು ವಾರ, ಮೇವು ಬೇಕಾಗುವುದು ಪೂರ್ತಿ ವರ್ಷ. ಅದೇ ಮೇವಿನಲ್ಲಿ ಎರಡು ಹಸು ಸಾಕಿದರೆ ಗೊಬ್ಬರವೂ ಉಂಟು, ಹಾಲೂ ಉಂಟು. ಡೀಸೆಲ್ ವಿಷಯಕ್ಕೆ ಬಂದರೆ, ಯೂರಿಯಾ ತಯಾರಾಗುವುದೂ ನೈಸರ್ಗಿಕ ಅನಿಲದಿಂದಲೇ. ಗಂಟೆಗೆ ಒಂದೂವರೆ ಲೀಟರ್ ಆಸುಪಾಸು ಕುಡಿಯುವ ಟಿಲ್ಲರಿನಿಂದ ಟನ್ನುಗಟ್ಟಲೆ ಸಗಣಿ, ಸೊಪ್ಪು ಮಣ್ಣು ಸೇರುವುದಾದರೆ ಆ ಡೀಸೆಲ್ ವ್ಯರ್ಥವಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಉಳುಮೆಯೇ ಮಣ್ಣಿಗೆ ಹಿಂಸೆ, ರೋಟರಿ ಎರೆಹುಳುವನ್ನು ಕೊಚ್ಚುತ್ತದೆ, ಮಣ್ಣನ್ನು ಹಿಟ್ಟು ಮಾಡುತ್ತದೆ ಎಂಬುದು ಅದು. ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ಯಿಂದ ಫುಕುವೋಕ ಅವರ ಉಳದ ಬೇಸಾಯವನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ತೋಟದ ಬೆಳೆಗೆ, ಮುಚ್ಚಿಗೆ ಸಿಗುವ ಕಡೆ, ಆ ದಾರಿಯೇ ಮೇಲು. ತೆಂಗು ಅಡಿಕೆಯ ಬುಡದಲ್ಲಿ ಟಿಲ್ಲರ್ ಹೊಡೆಯುವುದನ್ನು ನಾವು ಒಪ್ಪುವುದಿಲ್ಲ, ಬೇರು ಹರಿಯುತ್ತದೆ. ರಾಗಿ, ಜೋಳ, ಭತ್ತ, ತರಕಾರಿಗೆ ಮಾತ್ರ ಕಳೆ ಮತ್ತು ಗೊಬ್ಬರದ ದೆಸೆಯಿಂದ ಒಂದಿಷ್ಟು ಉಳುಮೆ ತಪ್ಪದು. ಅದನ್ನು ವರ್ಷಕ್ಕೆ ಒಂದೆರಡು ಸಲಕ್ಕೆ ಮಿತಿಗೊಳಿಸಬೇಕು, ಹದ ನೋಡಿ ಮಾಡಬೇಕು. ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ: ಉದುರಿದರೆ ಹದ, ಮೆತ್ತಿಕೊಂಡರೆ ಇನ್ನೆರಡು ದಿನ ತಡೆಯಿರಿ. ಒದ್ದೆ ಎರೆಮಣ್ಣಿನಲ್ಲಿ ರೋಟರಿ ಹೊಡೆದರೆ ಅಡಿಯಲ್ಲಿ ಗಟ್ಟಿ ಪದರ ಕಟ್ಟಿ ಬೇರು ಇಳಿಯದು. ಪುಡಿಪುಡಿ ಮಾಡಿ ಚೆಂದ ನೋಡುವ ಚಟವನ್ನೂ ಬಿಡಬೇಕು. ಹೆಂಟೆ ಸ್ವಲ್ಪ ಉಳಿದರೆ ಮಳೆ ನೀರು ಇಂಗುತ್ತದೆ. ನಾನೂರು ಕಿಲೋ ಚಿಲ್ಲರೆಯ ಟಿಲ್ಲರ್ ಮಣ್ಣನ್ನು ಅದುಮುವುದು ಟ್ರ್ಯಾಕ್ಟರಿಗಿಂತ ಎಷ್ಟೋ ಕಡಿಮೆ ಎಂಬುದೂ ಲೆಕ್ಕಕ್ಕೆ ಬರಲಿ.

ಟಿಲ್ಲರಿನ ಕಷ್ಟವನ್ನೂ ಮುಚ್ಚಿಡಬಾರದು. ಎರಡಡಿ ಅಗಲದ ರೋಟರಿಯಲ್ಲಿ ಒಂದು ಎಕರೆ ಮುಗಿಸಲು ಹಿಡಿದವನು ಸುಮಾರು ಏಳು ಕಿಲೋಮೀಟರ್ ನಡೆಯಬೇಕು. ಮರದ ನೇಗಿಲಿನಲ್ಲಾದರೆ ಅದು ಇಪ್ಪತ್ತು ಮೀರುತ್ತಿತ್ತು. ನಡಿಗೆ ತಗ್ಗಿದರೂ ಹ್ಯಾಂಡಲಿನ ನಡುಕ ಹೆಚ್ಚಿತು, ದಿನವಿಡೀ ಹಿಡಿದರೆ ಕೈ ಜೋಮು ಹಿಡಿಯುತ್ತದೆ. ಕಳೆ ತೆಗೆಯುವ ಹೆಣ್ಣುಮಕ್ಕಳ ಕೈಗೆ ಈ ಯಂತ್ರ ಭಾರ. ಅವರಿಗೆ ಹಗುರವಾದ ಪವರ್ ವೀಡರ್ ಕೊಟ್ಟು ತರಬೇತಿಯನ್ನೂ ಕೊಡಬೇಕು. ಎರಡು ಲಕ್ಷದ ಆಸುಪಾಸಿನ ಯಂತ್ರವನ್ನು ಒಬ್ಬೊಬ್ಬರೂ ಸಾಲ ಮಾಡಿ ತರುವುದು ಬೇಡ. ನಾಲ್ಕೈದು ಮನೆ ಸೇರಿ ಒಂದು ತಂದರೆ, ಹಿಂದೆ ಮುಯ್ಯಾಳಿನಲ್ಲಿ ನಡೆದ ಹಾಗೆ ಸರದಿಯಲ್ಲಿ ಸಾಗುತ್ತದೆ. ಅದಕ್ಕೇ ಟ್ರೇಲರ್ ಸಿಕ್ಕಿಸಿದರೆ ಗೊಬ್ಬರ ಸಾಗಣೆಯೂ ಆಯಿತು.

ಇಳುವರಿ ಬೀಳುತ್ತದೆ, ಶ್ರೀಲಂಕಾದ ಗತಿ ನೋಡಿ ಎನ್ನುವವರಿಗೆ ಉತ್ತರ ಕೊಡಲೇಬೇಕು. ಅಲ್ಲಿ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿದರು, ಬೆಳೆ ಕುಸಿಯಿತು, ನವೆಂಬರಿನಲ್ಲಿ ಆದೇಶ ಹಿಂದಕ್ಕೆ ಪಡೆದರು. ಇಡೀ ದೇಶಕ್ಕೆ ಬೇಕಾಗುವಷ್ಟು ಕಾಂಪೋಸ್ಟ್ ಇಲ್ಲದೆ, ಮಣ್ಣಿಗೆ ಒಂದು ಹಂಗಾಮಿನ ಸಮಯವನ್ನೂ ಕೊಡದೆ ಮಾಡಿದ ಕೆಲಸ ಅದು. ಸಾವಯವ ಪ್ರಮಾಣಪತ್ರದ ನಿಯಮದಲ್ಲೇ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಕಾಲ ಇಟ್ಟಿರುವಾಗ ಒಂದು ಸರ್ಕಾರ ಅವಸರಪಟ್ಟದ್ದಕ್ಕೆ ಸಾವಯವವನ್ನು ದೂರುವುದು ನ್ಯಾಯವಲ್ಲ. ಪೂರ್ತಿ ಹೊಲವನ್ನು ಒಂದೇ ವರ್ಷ ಬದಲಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹತ್ತು ಗುಂಟೆಯಿಂದ ಶುರುಮಾಡಿ, ಉಳಿದದ್ದರಲ್ಲಿ ಗೊಬ್ಬರದ ಚೀಲವನ್ನು ವರ್ಷ ವರ್ಷ ಇಳಿಸುತ್ತ ಬನ್ನಿ. ಆ ಹತ್ತು ಗುಂಟೆಯ ಖರ್ಚು, ಇಳುವರಿ, ಕೂಲಿಯನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ.

ಸರ್ಕಾರದ ಮುಂದೆಯೂ ಬೇಡಿಕೆಗಳಿವೆ. 2004ರಲ್ಲಿ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. 2014-15ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳೂ ಇವೆ. ನೀತಿ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಇರುವುದು ಸಾಕು. ಪ್ರತಿ ಬಾಡಿಗೆ ಕೇಂದ್ರದಲ್ಲೂ ಟ್ರೇಲರ್ ಸಹಿತ ಟಿಲ್ಲರ್, ಗದ್ದೆಗೆ ಕೇಜ್ ವೀಲ್, ಎರಡು ವೀಡರ್ ಇರಲಿ. ಹಸಿರೆಲೆ ಗೊಬ್ಬರ ಮಣ್ಣಿಗೆ ಸೇರಿಸುವ ಜೂನ್ ತಿಂಗಳಲ್ಲಿ ಸಣ್ಣ ಹಿಡುವಳಿಗೆ ಮೊದಲ ಸರದಿ, ಅರ್ಧ ಬಾಡಿಗೆ ಇರಲಿ. ರೈತ ಸಂಪರ್ಕ ಕೇಂದ್ರಗಳಿಗೆ ಡಯಾಂಚ, ಸೆಣಬಿನ ಬೀಜ ಏಪ್ರಿಲ್ ಮುಗಿಯುವುದರೊಳಗೆ ಬರಲಿ. ಭರಣಿ ಮಳೆ ಹೋದ ಮೇಲೆ ಬಂದ ಬೀಜಕ್ಕೆ ನಾಟಿಗೆ ಮುಂಚೆ ನಲವತ್ತೈದು ದಿನ ಸಿಗುವುದಿಲ್ಲ. ಕೊಟ್ಟಿಗೆಗೆ ಗಂಜಲದ ಕಾಲುವೆ, ತಿಪ್ಪೆಗೆ ನೆರಳು ಮಾಡಿಕೊಳ್ಳುವವರಿಗೆ ಉದ್ಯೋಗ ಖಾತರಿಯಂಥ ಯೋಜನೆಗಳಿಂದ ಕೂಲಿ ಸಿಗಲಿ. ಈ ನಾಲ್ಕನ್ನೂ ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ, ಠರಾವಿನ ಪುಸ್ತಕದಲ್ಲಿ ಬರೆಸಿ, ನಕಲನ್ನು ತಾಲ್ಲೂಕು ಕೃಷಿ ಸಹಾಯಕ ನಿರ್ದೇಶಕರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.