ಪರ–ವಿರೋಧ: ವ್ಯಕ್ತಿಯ ಬದುಕು ಸಮಾಜದ ಕೈಯಲ್ಲಿದೆಯೇ?

ಸಮಾಜಶಾಸ್ತ್ರದ ಪಾಠ ಶುರುವಾಗುವುದೇ ಈ ಪ್ರಶ್ನೆಯಿಂದ: ನಾವು ಹೇಗೆ ಬದುಕುತ್ತೇವೆ ಎಂದು ತೀರ್ಮಾನಿಸುವವರು ಯಾರು, ನಾವೋ ನಮ್ಮ ಸಮಾಜವೋ? ಪುಸ್ತಕದಲ್ಲೇ ಬಿಟ್ಟರೆ ಇದು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುತ್ತದೆ. ಮಲೆನಾಡಿನ ಒಂದು ಹೋರಾಟದ ಎದುರು ಇಟ್ಟರೆ ಅದಕ್ಕೆ ಜೀವ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದೇ ಜಗಳದ ಮೂಲ. ಈ ಒಂದು ಘಟನೆಯನ್ನು ಎರಡೂ ಪಕ್ಷಗಳು ತಮ್ಮ ಸಾಕ್ಷಿ ಎನ್ನುತ್ತವೆ.

ಪರ: ಹೌದು, ಸಮಾಜವೇ ರೂಪಿಸುತ್ತದೆ

ಆ ಕೊಳಗವನ್ನೇ ನೋಡಿ. ಅದು ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಆದರೆ ಅದನ್ನು ಮಾಡಿದ್ದು ಗೇಣಿದಾರನಲ್ಲ. ಅವನು ಹುಟ್ಟುವ ಮೊದಲೇ ಆ ಅಳತೆಯ ಪದ್ಧತಿ ಇತ್ತು. ಒಪ್ಪಿದರೆ ಮನೆಗೆ ಉಳಿಯುವ ಭತ್ತ ಕಡಿಮೆ. ಒಪ್ಪದಿದ್ದರೆ ಉಳಲು ಗದ್ದೆಯೇ ಇಲ್ಲ. ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲಿ ‘ಸಾಮಾಜಿಕ ಸಂಗತಿ’ ಎಂದದ್ದು ಇಂಥದ್ದನ್ನೇ: ವ್ಯಕ್ತಿಯ ಹೊರಗೆ ಇದ್ದು, ಅವನ ಮೇಲೆ ಒತ್ತಡ ಹೇರುವ ರೂಢಿ, ನಂಬಿಕೆ, ಕಟ್ಟಳೆ.

ಎರಡು ವರ್ಷಗಳ ನಂತರ ಡರ್ಕೈಮ್ ಎಲ್ಲಕ್ಕಿಂತ ಖಾಸಗಿ ಎನಿಸುವ ಸಂಗತಿಯನ್ನು ಕೈಗೆತ್ತಿಕೊಂಡರು. ಯುರೋಪಿನ ದೇಶಗಳ ಆತ್ಮಹತ್ಯೆಯ ಅಂಕಿಅಂಶ ಹರವಿ ನೋಡಿದಾಗ, ಒಂದೊಂದು ದೇಶದ ಪ್ರಮಾಣವೂ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ, ಮದುವೆಯಾದವರಿಗಿಂತ ಆಗದವರಲ್ಲಿ ಅದು ಹೆಚ್ಚಾಗಿತ್ತು. ಒಬ್ಬೊಬ್ಬರ ದುಃಖವೂ ಬೇರೆ ಬೇರೆ, ನಿಜ. ಆದರೆ ಒಟ್ಟು ಪ್ರಮಾಣ ಏರುವುದೂ ಇಳಿಯುವುದೂ ಜನರನ್ನು ಹಿಡಿದಿಟ್ಟ ನಂಟು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಎಂಬುದು ಅವರ ತೀರ್ಮಾನ.

ಡರ್ಕೈಮ್ ನಂಟನ್ನು ನೋಡಿದರೆ, ಕಾರ್ಲ್ ಮಾರ್ಕ್ಸ್ ಒಡೆತನವನ್ನು ನೋಡಿದರು. ನೆಲ ಯಾರದ್ದು, ದುಡಿಮೆ ಯಾರದ್ದು ಎಂಬುದು ಗೊತ್ತಾದರೆ ಯಾರ ಮಾತು ನಡೆಯುತ್ತದೆ ಎಂಬುದೂ ಗೊತ್ತಾಗುತ್ತದೆ. ಈ ಅಧಿಕಾರ ಮೈಗೂ ಇಳಿಯುತ್ತದೆ. ಒಕ್ಕಲು ಧಣಿಯ ಜಗಲಿ ಹತ್ತುವುದಿಲ್ಲ, ಅಂಗಳದಲ್ಲೇ ನಿಲ್ಲುತ್ತಾನೆ. ಹೆಗಲ ಮೇಲಿನ ಟವೆಲು ಕೈಗೆ ಬರುತ್ತದೆ, ದನಿ ತಗ್ಗುತ್ತದೆ. ಹೀಗೆ ನಿಲ್ಲು ಎಂದು ಯಾರೂ ಕೂರಿಸಿ ಕಲಿಸಿಲ್ಲ. ಅಪ್ಪ ನಿಂತದ್ದನ್ನು ನೋಡಿ ಮಗನೂ ಹಾಗೇ ನಿಲ್ಲುತ್ತಾನೆ. ಮೈಯೇ ಕಲಿತುಬಿಟ್ಟ ಈ ನಡೆಯನ್ನು ಪಿಯರ್ ಬೋರ್ದಿಯು ‘ಹ್ಯಾಬಿಟಸ್’ ಎಂದು ಕರೆದರು.

ಹಾಗಾದರೆ ಕಾಗೋಡಿನವರು ಎದುರು ನಿಂತದ್ದು ಹೇಗೆ? ಒಬ್ಬೊಬ್ಬರಾಗಿ ನಿಲ್ಲಲಿಲ್ಲ. ಎಚ್. ಗಣಪತಿಯಪ್ಪನವರ ರೈತ ಸಂಘ ಬೆನ್ನಿಗಿತ್ತು, ಸಮಾಜವಾದಿಗಳು ಜೊತೆಗಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಷ್ಟಾದರೂ ನೆಲ ಕೂಡಲೇ ಕೈಸೇರಲಿಲ್ಲ. ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ ಮೇಲೆ ಉಳುವವನು ಹೊಲದೊಡೆಯನಾದ. ಕಟ್ಟಳೆ ಬದಲಾದಾಗಲೇ ಬದುಕು ಬದಲಾಯಿತು. ಇದನ್ನು ಮರೆತು ಬಡವನಿಗೆ ‘ಮನಸ್ಸು ಮಾಡಿದ್ದರೆ ನೀನೂ ಮೇಲೆ ಬರಬಹುದಿತ್ತು’ ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ.

ವಿರೋಧ: ಇಲ್ಲ, ಸಮಾಜವನ್ನು ನಡೆಸುವವರು ಮನುಷ್ಯರೇ

ಕೊಳಗ ತಾನಾಗಿ ಅಳೆಯುವುದಿಲ್ಲ. ಪ್ರತಿ ಸುಗ್ಗಿಯಲ್ಲೂ ಒಬ್ಬ ಅದನ್ನು ತುಂಬಬೇಕು, ಒಬ್ಬ ಲೆಕ್ಕ ಹಿಡಿಯಬೇಕು, ಭತ್ತ ಕೊಡುವವನು ಸುಮ್ಮನಿರಬೇಕು. ಈ ಮೂವರಲ್ಲಿ ಒಬ್ಬ ‘ಆಗದು’ ಎಂದರೂ ಪದ್ಧತಿ ಅಲ್ಲಾಡುತ್ತದೆ. ಜರ್ಮನಿಯ ಮ್ಯಾಕ್ಸ್ ವೆಬರ್ ಸಮಾಜಶಾಸ್ತ್ರವನ್ನು ಕಟ್ಟಿದ್ದು ಈ ನೆಲೆಯಿಂದಲೇ: ಜನ ತಮ್ಮ ನಡೆಗೆ ಯಾವ ಅರ್ಥ ಕೊಟ್ಟುಕೊಂಡಿದ್ದಾರೆ ಎಂದು ತಿಳಿಯದೆ ಸಮಾಜ ತಿಳಿಯುವುದಿಲ್ಲ. ದೊಡ್ಡ ಕೊಳಗವನ್ನು ‘ಹಿಂದಿನಿಂದ ಬಂದದ್ದು’ ಎಂದು ಒಪ್ಪಿಕೊಂಡಿರುವಷ್ಟು ಕಾಲ ಭತ್ತ ಧಣಿಯ ಕಣಜಕ್ಕೆ ಹೋಯಿತು. ‘ಇದು ಮೋಸ’ ಎಂಬ ಮಾತು ಊರಲ್ಲಿ ಹಬ್ಬಿದಾಗ ಅದೇ ಕೊಳಗ ಸತ್ಯಾಗ್ರಹಕ್ಕೆ ಕಾರಣವಾಯಿತು.

ಅರ್ಥ ಹುಟ್ಟುವುದೂ ಬದಲಾಗುವುದೂ ಜನರ ಪರಸ್ಪರ ಒಡನಾಟದಲ್ಲಿ ಎಂದವರು ಷಿಕಾಗೋ ವಿಶ್ವವಿದ್ಯಾಲಯದ ಜಾರ್ಜ್ ಹರ್ಬರ್ಟ್ ಮೀಡ್. ಅವರ ಶಿಷ್ಯ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಇದಕ್ಕೆ ಸಾಂಕೇತಿಕ ಅಂತಃಕ್ರಿಯಾವಾದ ಎಂಬ ಹೆಸರಿಟ್ಟರು. ಮಗು ಇತರರ ಕಣ್ಣಿನಿಂದ ತನ್ನನ್ನು ನೋಡಿಕೊಂಡೇ ‘ನಾನು’ ಆಗುತ್ತದೆ ಎಂದು ಮೀಡ್ ಹೇಳಿದ್ದು ನಿಜ. ಪರ ವಾದಿಗಳು ಅಲ್ಲಿಗೇ ನಿಲ್ಲುತ್ತಾರೆ. ಆ ‘ನಾನು’ ಸಮಾಜಕ್ಕೆ ಏನು ಉತ್ತರ ಕೊಡುತ್ತದೆ ಎಂದು ಮೊದಲೇ ಹೇಳಲಾಗದು ಎಂಬುದನ್ನೂ ಮೀಡ್ ಅಷ್ಟೇ ಗಟ್ಟಿಯಾಗಿ ಹೇಳಿದರು. ಮನುಷ್ಯ ಸಮಾಜ ಹೇಳಿಕೊಟ್ಟಷ್ಟನ್ನೇ ಒಪ್ಪಿಸುವವನು ಎಂಬ ಚಿತ್ರಣ ಅರೆಬರೆ ಎಂದು ಡೆನ್ನಿಸ್ ರಾಂಗ್ 1961ರಲ್ಲಿ ಸಮಾಜಶಾಸ್ತ್ರಜ್ಞರನ್ನೇ ಎಚ್ಚರಿಸಿದ್ದರು.

1974ರ ಕಾನೂನಿನ ಮಾತಿಗೆ ಬರೋಣ. ಅದು ನೆಲವನ್ನು ಮನೆಬಾಗಿಲಿಗೆ ತಂದು ಕೊಡಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಕೊಡಬೇಕಿತ್ತು. ಧಣಿ ತಕರಾರು ತೆಗೆದರೆ ಭೂ ನ್ಯಾಯಮಂಡಳಿಯ ಮುಂದೆ ಅವನೆದುರೇ ‘ಈ ಗದ್ದೆ ಮಾಡುತ್ತಿರುವವನು ನಾನು’ ಎನ್ನಬೇಕಿತ್ತು. ಡಿಕ್ಲರೇಷನ್ ಕೊಟ್ಟವರಿದ್ದರು. ಹೆದರಿಯೋ, ಅನ್ನದ ಋಣವೆಂದೋ ಕೊಡದೆ ಉಳಿದವರೂ ಇದ್ದರು. ಒಂದೇ ಕಾನೂನಿನ ಕೆಳಗೆ ಒಬ್ಬ ಒಡೆಯನಾದ, ಇನ್ನೊಬ್ಬ ನೆಲ ಕಳೆದುಕೊಂಡ. ಆ ಹೆದರಿಕೆಯನ್ನು ಕಲಿಸಿದ್ದೂ ಸಮಾಜವೇ ಎನ್ನುವುದಾದರೆ ಒಪ್ಪೋಣ. ಹಾಗಿದ್ದರೆ ಅದೇ ಹೆದರಿಕೆಯನ್ನು ಎದೆಯಲ್ಲಿಟ್ಟುಕೊಂಡೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವನ ಧೈರ್ಯ ಯಾರದ್ದು?

ರೈತ ಸಂಘದ ಬಲವಿತ್ತು ಎಂಬುದೂ ನಮ್ಮ ವಾದಕ್ಕೇ ಒದಗುತ್ತದೆ, ಏಕೆಂದರೆ ಸಂಘವನ್ನು ಕಟ್ಟಿದವರೂ ಜನರೇ. ಮನುಷ್ಯರು ಸಮಾಜವನ್ನು ಕಟ್ಟುತ್ತಾರೆ, ಅದು ಹೊರಗಿನ ವಸ್ತುವಿನಂತೆ ಅವರೆದುರು ನಿಲ್ಲುತ್ತದೆ, ಮತ್ತೆ ಅವರನ್ನು ರೂಪಿಸುತ್ತದೆ ಎಂದು ಪೀಟರ್ ಬರ್ಗರ್ ಮತ್ತು ಥಾಮಸ್ ಲಕ್‌ಮನ್ 1966ರಲ್ಲಿ ವಿವರಿಸಿದರು. ಸಮಾಜದ ರಚನೆ ಕೈ ಕಟ್ಟುವಷ್ಟೇ ಕೈಗೆ ಬಲವನ್ನೂ ಕೊಡುತ್ತದೆ ಎಂದು ಆಂಟನಿ ಗಿಡೆನ್ಸ್ 1984ರಲ್ಲಿ ತೋರಿಸಿದರು. ದೀವರ ಒಗ್ಗಟ್ಟು ಹುಟ್ಟಿನಿಂದ ಬಂದದ್ದು; ಅದನ್ನು ಹೋರಾಟಕ್ಕೆ ಹೂಡಿದ್ದು ಅವರ ಆಯ್ಕೆ.

ಬಡವನ ಮೇಲೆ ತಪ್ಪು ಹೊರಿಸಬಾರದು ಎಂಬ ಪರ ವಾದಿಗಳ ಕಾಳಜಿಯಲ್ಲಿ ನಾವೂ ಪಾಲುದಾರರು. ಆದರೆ ಎಲ್ಲವನ್ನೂ ಸಮಾಜದ ಲೆಕ್ಕಕ್ಕೆ ಬರೆದರೆ, ಗೇಣಿದಾರನ ಜೊತೆಗೆ ಧಣಿಯೂ ಹೊಣೆಯಿಂದ ಪಾರಾಗುತ್ತಾನೆ. ಅವನೂ ಅಪ್ಪನನ್ನು ನೋಡಿಯೇ ಕಲಿತವನಲ್ಲವೇ? ಅನ್ಯಾಯಕ್ಕೆ ಹೊಣೆ ಕೇಳಬೇಕಾದರೆ, ಬೇರೆ ರೀತಿ ನಡೆದುಕೊಳ್ಳಲು ಅವನಿಗೆ ಸಾಧ್ಯವಿತ್ತು ಎಂದು ನಾವು ನಂಬಲೇಬೇಕು.